ನೀಲಗಿರಿಯ ಕೆಂಪು ಹೂವಿನ ಗಿಡ

ಸೌಕಾರ್‌ಪೇಟೆಯ ಅಂಗಡಿಯಲ್ಲಿ ‘ನೀಲಗಿರಿ’ ಎಂದು ಕೇಳಿದರೆ ನೆಗಡಿಗೆ ಹಚ್ಚುವ ಎಣ್ಣೆಯನ್ನು ಕೊಡುತ್ತಾರೆ. ಕನ್ನಡದಲ್ಲಿ ನೀಲಗಿರಿ ಮರವೆಂದರೂ ಆ ಎಣ್ಣೆಯನ್ನು ಕೊಡುವ ಯೂಕಲಿಪ್ಟಸ್ ಮರವೇ. ಅದು ಆಸ್ಟ್ರೇಲಿಯದಿಂದ ಬಂದುದು. ನೀಲಗಿರಿಯಲ್ಲಿ ಅದನ್ನು ನೆಡತೊಡಗಿದುದು 1843ರ ಸುಮಾರಿನಲ್ಲಿ. ಆ ಬೆಟ್ಟಗಳ ಹೆಸರನ್ನು ನ್ಯಾಯವಾಗಿ ಹೊತ್ತಿರುವ ಸ್ಥಳೀಯ ಸಸ್ಯವೊಂದುಂಟು. ನಮ್ಮಲ್ಲಿ ಅದರ ಪರಿಚಯವುಳ್ಳವರು ವಿರಳ. ಅದೇ ರೋಡೋಡೆಂಡ್ರನ್ ಜಾತಿಯ ‘ನೀಲಗಿರಿಕಂ’.

ರೋಡೋಡೆಂಡ್ರನ್ ಎಂಬ ಗ್ರೀಕ್ ಪದಕ್ಕೆ ಗುಲಾಬಿ ಮರ ಎಂದು ಅರ್ಥ. ಹಿಮಾಲಯದಲ್ಲಿ ಇದರ ಬಂಧುಗಳು ಹೇರಳ. ಉತ್ತರಾಖಂಡದವರು ‘ಬುರಾಂಶ್’ ಎಂದೂ ನೇಪಾಳದವರು ‘ಗುರಾಂಸ್’ ಎಂದೂ ಕರೆಯುವ ಮರ ಇದರ ಹತ್ತಿರದ ನೆಂಟ. ನಮ್ಮ ಗಿಡವನ್ನು ಬರ್ನ್‌ಹಾರ್ಡ್ ಸ್ಮಿಡ್ ಎಂಬ ಪಾದ್ರಿ ಸಂಗ್ರಹಿಸಿದ್ದ ಮಾದರಿಗಳಿಂದ ಜರ್ಮನಿಯ ಜೆಂಕರ್ ಎಂಬ ವಿದ್ವಾಂಸನು 1830ರ ದಶಕದಲ್ಲಿ ವರ್ಣಿಸಿ ಹೆಸರಿಟ್ಟನು. ಈಗ ಸಸ್ಯಶಾಸ್ತ್ರಜ್ಞರು ಇದನ್ನು ಹಿಮಾಲಯದ ಪ್ರಭೇದದ ಒಂದು ಉಪಪ್ರಭೇದವೆಂದೇ ಎಣಿಸುವುದು ರೂಢಿ.

ಗಾಳಿಯ ಹೊಡೆತವಿರುವೆಡೆ ಪೊದೆಯಾಗಿಯೂ ಆಸರೆಯಿರುವೆಡೆ ಸೊಟ್ಟ ಕಾಂಡದ ಸಣ್ಣ ಮರವಾಗಿಯೂ ಇದು ಬೆಳೆಯುತ್ತದೆ. ಎಲೆ ತೊಗಲಿನಂತೆ ದಪ್ಪ, ಅದರ ಕೆಳಮೈಯಲ್ಲಿ ಕಂದುಬಣ್ಣದ ರೋಮ, ವರ್ಷವಿಡೀ ಹಸುರು. ಹೂವು ಗೊಂಚಲುಗೊಂಚಲಾಗಿ ರಕ್ತವರ್ಣದಲ್ಲಿ ಅರಳುತ್ತದೆ. ನೀಲಗಿರಿಯ ಎತ್ತರದ ಕಣಿವೆಗಳಲ್ಲಿ ಶೋಲಾ ಎಂಬ ಕುಳ್ಳುಕಾಡೂ, ಅದರ ಮೇಲಣ ಇಳಿಜಾರುಗಳಲ್ಲಿ ಹುಲ್ಲುಗಾವಲೂ ಇವೆ. ಶೋಲಾದ ಹೆಚ್ಚಿನ ಮರಗಳು ಇಬ್ಬನಿಗಡ್ಡೆಯ ಚಳಿಗೂ ಹುಲ್ಲಿನ ಬೆಂಕಿಗೂ ಅಂಜಿ ಕಣಿವೆಯನ್ನು ಬಿಟ್ಟು ಬರಲಾರವು. ರೋಡೋಡೆಂಡ್ರನ್ ಒಂದು ಮಾತ್ರ ದಪ್ಪ ತೊಗಟೆಯ ಬಲದಿಂದ ಬಯಲಿನ ಹುಲ್ಲಿನ ನಡುವೆಯೂ ನಿಲ್ಲುತ್ತದೆ.

ಈ ಸಸ್ಯದ ನೆಲೆಯೇ ಒಂದು ಸಮಸ್ಯೆ. ದಕ್ಷಿಣದಲ್ಲಿ ಪಳನಿ, ಆನೆಮಲೆ ಮೊದಲಾದ ಎತ್ತರದ ಬೆಟ್ಟಗಳಲ್ಲಿ ಇದುಂಟು. ನೀಲಗಿರಿಯೂ ಅದರ ಸುತ್ತಣ ಬೆಟ್ಟಗಳೂ ಇದರ ಉತ್ತರದ ಎಲ್ಲೆ. ಅಲ್ಲಿಂದ ಹಿಮಾಲಯದವರೆಗೆ, ಸುಮಾರು 2000 ಕಿಲೋಮೀಟರ್ ಉದ್ದಕ್ಕೂ, ಈ ಜಾತಿಯ ಕುರುಹಿಲ್ಲ. ನಡುವಣ ಬಿಸಿಲುನಾಡನ್ನು ದಾಟಿದ ಬಗೆಯೆಂತು? ಹಿಮಯುಗದಲ್ಲಿ ತಂಪು ಹೆಚ್ಚಿದ್ದಾಗ ಬೆಟ್ಟದ ಸಸ್ಯಗಳು ಕೆಳಗಿಳಿದು ಹರಡಿದವು, ಬಿಸಿ ಮರಳಿದಾಗ ಶಿಖರಗಳಲ್ಲಿ ಮಾತ್ರ ಉಳಿದವು ಎಂಬುದು ಬಲವಾದ ಊಹೆ. ಹಿಮಾಲಯದ ಜೀವಿಗಳು ಸಾತ್ಪುರ ಬೆಟ್ಟಗಳ ಸಾಲಿನಲ್ಲಿ ದಕ್ಷಿಣಕ್ಕೆ ಬಂದವೆಂದು ಸುಂದರಲಾಲ್ ಹೋರಾ ವಾದಿಸಿದ್ದರು. ನೀಲಗಿರಿಯ ಜೌಗುಗಳಲ್ಲಿ ಪದರಪದರವಾಗಿ ಕೂಡಿದ ಸಸ್ಯಾವಶೇಷವನ್ನು ಪರೀಕ್ಷಿಸಿ, ಕಳೆದ 20,000 ವರ್ಷಗಳಲ್ಲಿ ಅಲ್ಲಿನ ಹವೆಯೂ ಸಸ್ಯಾವರಣವೂ ಹಲವು ಸಲ ಬದಲಾದುವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಅವರೂ ಸಂಗಡಿಗರೂ 1993ರಲ್ಲಿ ತೋರಿಸಿದರು. ಕನ್ನಡಕ್ಕೆ ಹತ್ತಿರದ ನುಡಿಯನ್ನಾಡುವ ಬಡಗರ ಹೆಸರಿಗೆ ‘ಬಡಗಣವರು’ ಎಂದರ್ಥ. ಅವರ ನಾಡಿನ ಈ ಗಿಡವೂ ಬಡಗಣಿಂದ ಬಂದುದೇ ಎನ್ನಬಹುದು.

ಎಲ್ಲೆಯಲ್ಲಿ ನಿಂತ ಸಸ್ಯಸಮೂಹವು ದುರ್ಬಲವಾದುದು. ಅಳಿದರೆ ತುಂಬಿಕೊಡುವ ನೆರೆಯಿಲ್ಲ. ಇದನ್ನರಿತು ರಕ್ಷಿಸಿದ ಉದಾಹರಣೆ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ಸಂಸ್ಥಾನದ ಫಿಟ್ಸ್‌ವಿಲಿಯಂ ಎಂಬ ಊರಿನಲ್ಲಿದೆ. ಇದೇ ಜಾತಿಯ ಮತ್ತೊಂದು ಪ್ರಭೇದದ ಪೊದೆಗಳು ತಮ್ಮ ಉತ್ತರದ ಎಲ್ಲೆಗೆ ಸಮೀಪವಾಗಿ ಅಲ್ಲಿ ಸುಮಾರು 16 ಎಕರೆ ಹಬ್ಬಿವೆ. ಅಲ್ಲಿನ ಮರಗಳನ್ನು ಕಡಿಯುವ ಯೋಜನೆಯಾದಾಗ ಮೇರಿ ಲೀ ವೇರ್ ಎಂಬ ಮಹಿಳೆ ಆ ಭೂಮಿಯನ್ನು ಕೊಂಡು, ಎಂದೆಂದಿಗೂ ಕಾಪಾಡಬೇಕೆಂಬ ಕರಾರಿನಿಂದ 1903ರಲ್ಲಿ ಪರ್ವತಾರೋಹಿಗಳ ಸಂಘವೊಂದಕ್ಕೆ ದಾನ ಮಾಡಿದಳು. 1946ರಲ್ಲಿ ಅದು ಸಂಸ್ಥಾನದ ಉದ್ಯಾನವಾಯಿತು.

ನಮ್ಮಲ್ಲಿಯೂ ಕಾನೂನಿನ ರಕ್ಷಣೆಯುಂಟು. 78 ಚದರ ಕಿಲೋಮೀಟರ್ ವಿಸ್ತಾರದ ಮುಕುರ್ತಿಯು 1982ರಲ್ಲಿ ಅಭಯಾರಣ್ಯವಾಗಿ, 1990ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅದರ ಉದ್ದೇಶ ಮುಖ್ಯವಾಗಿ ಅಲ್ಲಿನ ಕಾಡುಮೇಕೆಯ ರಕ್ಷಣೆ. ಅದರ ಮರೆಯಲ್ಲಿ ಈ ಗಿಡವೂ ಉಳಿದಿದೆ. ಆದರೆ ಫಿಟ್ಸ್‌ವಿಲಿಯಂನ ಶತ್ರು ಕೊಡಲಿ. ಅದನ್ನು ಒಂದು ಕರಾರು ತಡೆಯಬಲ್ಲುದು. ಇಲ್ಲಿನ ಶತ್ರು ನಾವೇ ನೆಟ್ಟ ಮರ. ಸೌದೆಗೂ ತೊಗಲು ಹದಮಾಡುವ ತೊಗಟೆಗೂ ಹುಲ್ಲುಗಾವಲಿನಲ್ಲಿ ಬೆಳೆಸಿದ ಆಸ್ಟ್ರೇಲಿಯದ ವಾಟಲ್ ಮರದ ಬೀಜ ಮಣ್ಣಿನಲ್ಲಿ ಹಲವು ದಶಕ ಸಜೀವವಾಗಿರುತ್ತದೆ. ಬೆಂಕಿ ಬಿದ್ದರೆ ಮತ್ತಷ್ಟು ಮೊಳೆಯುತ್ತದೆ. ಅದರ ದಟ್ಟ ನೆರಳಿನಲ್ಲಿ ಹುಲ್ಲು ಸಾಯುತ್ತದೆ. ಧೂಳಿನಷ್ಟು ಸಣ್ಣ ಬೀಜದಿಂದ ಮೊಳೆಯಬೇಕಾದ ರೋಡೋಡೆಂಡ್ರನ್ ಸಸಿಗೆ ಅಲ್ಲಿ ಬೆಳಕೂ ತೆರವೂ ಸಿಕ್ಕದು. ಭೂಮಿಯ ಬಿಸಿ ಏರುತ್ತಿರುವುದು ಇನ್ನೊಂದು ಸಂಕಟ. ತಂಪನ್ನರಸಿ ಮೇಲೇರೋಣವೆಂದರೆ 2637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕಿಂತ ಮೇಲೆ ಅಲ್ಲಿ ನೆಲವೇ ಇಲ್ಲ.

ಆದುದರಿಂದ ಗಿಡವೊಂದನ್ನೇ ಕಾದರೆ ಸಾಲದು. ಅದು ನಿಂತ ಹುಲ್ಲುಗಾವಲನ್ನೂ ಕಾಯಬೇಕು, ವಾಟಲನ್ನು ಬಿಡದೆ ಕಿತ್ತು ಹುಲ್ಲನ್ನು ಮರಳಿಸಬೇಕು. ಇದು ಒಂದೆರಡು ವರ್ಷದ ಕೆಲಸವಲ್ಲ. ಅಷ್ಟು ದೀರ್ಘವಾದ ಕಾರ್ಯಕ್ಕೆ ಜನರ ಒಲವು ಬೇಕು. ಹೆಸರನ್ನೇ ಅರಿಯದ ಗಿಡದ ಮೇಲೆ ಒಲವು ಹುಟ್ಟುವುದು ಕಷ್ಟ. ನೀಲಗಿರಿ ಎಂದಾಗ ಎಣ್ಣೆಯೊಡನೆ ಈ ಕೆಂಪು ಹೂವೂ ನಮ್ಮ ನೆನಪಿಗೆ ಬರುವಂತಾಗಲಿ.