ಕಿತ್ತಳೆಯ ನುಸಿಯೂ ಕೂಲಿಯವನ ಉಸಿರೂ

ಸಿಪ್ಪೆಯ ಮೇಲೆ ಕಂದು ಕಲೆ ಬಿದ್ದ ಕಿತ್ತಳೆಗೆ ನಾಗಪುರದ ಪೇಟೆಯಲ್ಲಿ ಬೆಲೆಯಿಲ್ಲ. ತೊಳೆ ಎಷ್ಟೇ ಸಿಹಿಯಾಗಿದ್ದರೂ ಗಿರಾಕಿಯು ಮುಟ್ಟನು. ಅನೇಕ ವೇಳೆ ಈ ಹಾನಿಗೆ ಕಾರಣವು ಕಣ್ಣಿಗೆ ಕಾಣಿಸದಷ್ಟು ಸಣ್ಣ ನುಸಿ. ಮರಾಠಿ ರೈತರು ಇದನ್ನು ‘ಕೋಳಿ’ ಎನ್ನುವರು. ವಾಚಕರು ಹುಂಜವನ್ನು ನೆನೆಯಬೇಕಾಗಿಲ್ಲ. ಆ ಭಾಷೆಯಲ್ಲಿ ಅದಕ್ಕೆ ಜೇಡವೆಂದರ್ಥ. ಹೆಸರು ಯಥಾರ್ಥವೇ. ನುಸಿಯು ಕೀಟವಲ್ಲ, ಜೇಡನ ಬಳಗಕ್ಕೆ ಸೇರಿದ ಜೀವಿ.

ಇದನ್ನರಿಯದೆ ಸಿಕ್ಕಿದ ಕೀಟನಾಶಕವನ್ನು ಸುರಿದರೆ ನುಸಿಯನ್ನು ತಿನ್ನುವ ಗುಲಗಂಜಿ ಹುಳು ಮೊದಲಾದವು ಸಾಯುತ್ತವೆ, ನುಸಿಯು ಹೆಚ್ಚುತ್ತದೆ. ನೀರಿನಲ್ಲಿ ಕದಡುವ ಗಂಧಕದ ಪುಡಿಯು ಹಳೆಯ ಮದ್ದು. ಆದರೆ ಕಡುಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುವುದು; ಎಲೆಯ ಅಡಿಭಾಗವು ನೆನೆಯದಿದ್ದರೆ ಶ್ರಮವೆಲ್ಲ ವ್ಯರ್ಥ. ಹಿಂದೆ ಬಳಕೆಯಲ್ಲಿದ್ದ ಡೈಕೋಫಾಲನ್ನು ಕೇಂದ್ರ ಸರಕಾರವು 2023ರಲ್ಲಿ ನಿಷೇಧಿಸಿದೆ. ಉಳಿದ ಬಾಟಲಿಯನ್ನೂ ಬಳಸತಕ್ಕದ್ದಲ್ಲ. ಸಂದೇಹವಿದ್ದವರು ಇಲ್ಲಿಯ ಕೇಂದ್ರೀಯ ನಿಂಬೆವರ್ಗದ ಹಣ್ಣುಗಳ ಸಂಶೋಧನಾ ಸಂಸ್ಥೆಯನ್ನು ಕೇಳಬಹುದು.

ಹಣ್ಣಿಗಿಂತ ದೊಡ್ಡ ಮಾತೊಂದಿದೆ. 2017ರಲ್ಲಿ ವಿದರ್ಭದ ಯವತಮಾಳ ಜಿಲ್ಲೆಯಲ್ಲಿ ಹತ್ತಿಯ ಹೊಲಗಳಿಗೆ ಮದ್ದು ಹೊಡೆಯುತ್ತಿದ್ದ ರೈತರೂ ಕೂಲಿಗಳೂ ಸೇರಿ 20ಕ್ಕೂ ಹೆಚ್ಚು ಜನರು ವಿಷವೇರಿ ಮಡಿದರು.

1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿಯು ಮುಂದೆ ನಮ್ಮ ಕರ್ನಾಟಕಕ್ಕೂ ಹಬ್ಬಿತು. ಇಲ್ಲಿ ದುಡಿದು ಊರ ತೋಟದ ಮದ್ದಿಗೆ ಹಣ ಕಳಿಸುವ ನಮ್ಮವರು ಕೈಗವಸಿಗೂ ಮುಖದ ಮುಸುಕಿಗೂ ಸೇರಿಸಿ ಕಳಿಸಲಿ. ಡಬ್ಬಿಯ ಮೇಲಿನ ಕೆಂಪು ತ್ರಿಕೋನವು ಕಡುವಿಷದ ಗುರುತೆಂದು ತಿಳಿಸಿ ಹೇಳಲಿ. ಮದ್ದು ಹೊಡೆಯುವವನು ಕೂಲಿಯವನಾದರೂ ಅವನ ಉಸಿರಿನ ಹೊಣೆಯು ತೋಟದ ಒಡೆಯನದೇ ಎಂಬುದು ನಮ್ಮ ಅಭಿಪ್ರಾಯ.