ಚಿನ್ನದ ಗಣಿಯ ಕಥೆಗೊಂದು ಚಿತ್ರಫಲಕ

ಬಂಗಾರಪೇಟೆಯಿಂದ ಮಾರಿಕುಪ್ಪದ ಕಡೆಗೆ ಹೊರಟ ಪ್ರಯಾಣಿಕನಿಗೆ ಕೋಲಾರ ಚಿನ್ನದ ಗಣಿ ಪ್ರದೇಶದಲ್ಲಿ ಬೂದುಬಣ್ಣದ ಬೋಳುದಿಬ್ಬಗಳು ಕಾಣಿಸುತ್ತವೆ. ಇವು ನಿಸರ್ಗನಿರ್ಮಿತವಲ್ಲ. ನೂರಿಪ್ಪತ್ತು ವರ್ಷಗಳ ಕಾಲ ಭೂಗರ್ಭದಿಂದ ಮೇಲೆತ್ತಿ, ಅರೆದು, ಚಿನ್ನವನ್ನು ಬೇರ್ಪಡಿಸಿದ ಮೇಲೆ ಉಳಿದ ಕಲ್ಲಿನ ಪುಡಿ. ಜನರ ಬಾಯಲ್ಲಿ ಇವು ‘ಸೈನೈಡ್ ಗುಡ್ಡ’ಗಳು.

ಈ ಗಣಿಯನ್ನು ಕುರಿತು ವಿದ್ಯಾರ್ಥಿಗಳು ಹತ್ತು ನಿಮಿಷದ ಚಲನಚಿತ್ರವೊಂದನ್ನು ತೆಗೆಯಬೇಕೆಂದಿದ್ದಾರೆ ಎನ್ನೋಣ. ಕ್ಯಾಮೆರಾ ಹಿಡಿದು ನೇರವಾಗಿ ಹೊರಟರೆ ದೊರೆಯುವುದು ದಿಬ್ಬಗಳು ಮತ್ತು ಮುಚ್ಚಿದ ಬಾಗಿಲುಗಳು. ನೋಡಬೇಕಾದುದೆಲ್ಲ ನೆಲದಡಿಯಲ್ಲಿದೆ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳವಾಗಿತ್ತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. ಸುರಂಗಗಳಲ್ಲಿ ನೀರು ತುಂಬಿತು. ಕ್ಯಾಮೆರಾ ಅಲ್ಲಿಗೆ ಹೋಗಲಾರದು, ಪೆನ್ಸಿಲು ಹೋಗಬಲ್ಲದು.

ಇಂಥ ಕಾರ್ಯಕ್ಕೆ ನೆರವಾಗುವ ಸಾಧನವೇ ಸ್ಟೋರಿಬೋರ್ಡ್, ಅಂದರೆ ಚಿತ್ರಫಲಕ. ಒಂದೊಂದು ದೃಶ್ಯಕ್ಕೂ ಒಂದೊಂದು ಚೀಟಿ; ಅದರ ಮೇಲೆ ಒರಟಾದ ರೇಖಾಚಿತ್ರ; ಕೆಳಗೆ, ಕೇಳಿಬರುವ ಮಾತು ಮತ್ತು ತಗಲುವ ಸೆಕೆಂಡುಗಳು. ಚೀಟಿಗಳನ್ನು ಹಲಗೆಗೆ ಚುಚ್ಚಿ ಬೇಕಾದಂತೆ ಸ್ಥಳ ಬದಲಿಸಬಹುದು. 1930ರ ದಶಕದ ಆರಂಭದಲ್ಲಿ ವಾಲ್ಟ್ ಡಿಸ್ನಿಯವರ ಚಿತ್ರಶಾಲೆಯಲ್ಲಿ ಈ ಪದ್ಧತಿ ಬೇರೂರಿತು. ಸತ್ಯಜಿತ್ ರಾಯರು ತಮ್ಮ 1955ರ ‘ಪಥೇರ್ ಪಾಂಚಾಲಿ’ಗೆ ಪೂರ್ಣ ಚಿತ್ರಕಥೆಯ ಬದಲು ರೇಖಾಚಿತ್ರಗಳನ್ನೂ ಟಿಪ್ಪಣಿಗಳನ್ನೂ ಸಿದ್ಧಪಡಿಸಿಕೊಂಡಿದ್ದರು. ರಾಯರು ನುರಿತ ಚಿತ್ರಕಾರರೆಂಬುದು ನಿಜ. ನಮಗೆ ಕಡ್ಡಿಮನುಷ್ಯರೇ ಸಾಕು.

ಮೊದಲ ಚೀಟಿಯಲ್ಲಿ ಬಂಡೆಯನ್ನೂ ಕೊನೆಯದರಲ್ಲಿ ಚಿನ್ನದ ಗಟ್ಟಿಯನ್ನೂ ಬರೆಯೋಣ. ನಡುವೆ ಏನು? ಇಲ್ಲಿ ಕೈ ತಡೆಯುತ್ತದೆ. ಅದಿರನ್ನು ಕುಟ್ಟಿ ನುಣ್ಣಗೆ ಮಾಡಬೇಕು. ಪುಡಿಯನ್ನು ಸೈನೈಡ್ ದ್ರಾವಣದಲ್ಲಿ ನೆನೆಸಿದರೆ, ಗಾಳಿಯ ಆಮ್ಲಜನಕದ ಸಹಾಯದಿಂದ ಚಿನ್ನವು ಕರಗುತ್ತದೆ. ಆ ದ್ರಾವಣಕ್ಕೆ ಸತುವನ್ನು ಸೇರಿಸಿದಾಗ ಚಿನ್ನವು ಮತ್ತೆ ಬೇರ್ಪಡುತ್ತದೆ. ಇಷ್ಟನ್ನು ಬರೆದರೆ, ಮೇಲಿನ ದಿಬ್ಬ ಎಲ್ಲಿಂದ ಬಂತೆಂಬುದೂ ತಾನಾಗಿಯೇ ತಿಳಿಯುತ್ತದೆ. ಯಂತ್ರಗಳಿಗೆ ಶಕ್ತಿ ಎಲ್ಲಿಯದು? ಇನ್ನೊಂದು ಚೀಟಿ: 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ದೂರ ಹರಿದು ಬಂದ ವಿದ್ಯುತ್ತು.

ಈಗ ಗಡಿಯಾರವನ್ನು ಮುಂದಿಟ್ಟುಕೊಂಡು ಮಾತುಗಳನ್ನು ಗಟ್ಟಿಯಾಗಿ ಓದಬೇಕು. ಚೀಟಿಗೆ 10 ಸೆಕೆಂಡಿನಂತೆ ಹತ್ತು ನಿಮಿಷಕ್ಕೆ 60 ಚೀಟಿಗಳು. ರಸಾಯನ ಕ್ರಿಯೆಗೇ ಮೂವತ್ತು ಹೋದರೆ, ಬಂಡೆಯನ್ನು ಒಡೆದವನಿಗೆ ಎಷ್ಟು ಉಳಿಯಿತು? ಬಹುಮಂದಿಯ ಹಲಗೆಯಲ್ಲಿ ಯಂತ್ರವಿರುತ್ತದೆ, ಮನುಷ್ಯನಿರುವುದಿಲ್ಲ. ಕಾದ ಬಂಡೆಗಳ ನಡುವೆ ಅವನು ಹೇಗೆ ಉಸಿರಾಡಿದನು, ಒತ್ತಡದಿಂದ ಬಂಡೆ ಸಿಡಿಯುವ ಮುನ್ನ ಏನು ಕೇಳಿಸುತ್ತಿತ್ತು? ಆ ಚೀಟಿಗಳನ್ನು ಊಹೆಯಿಂದ ತುಂಬದೆ ಖಾಲಿ ಬಿಡುವುದೇ ಲೇಸು. ಊರಿಗಾಮಿನಲ್ಲಿಯೋ ಮಾರಿಕುಪ್ಪದಲ್ಲಿಯೋ ಇರುವ ಹಳೆಯ ಕಾರ್ಮಿಕರನ್ನು ಕೇಳಿ ತುಂಬಬೇಕು. ಅವರಿಗೆ ವಯಸ್ಸಾಗುತ್ತಿರುವುದರಿಂದ ಬೇಗನೆ ಕೇಳಬೇಕು.

ಲೇಖನ ಬರೆಯುವವರಿಗೂ ಇದೇ ಹಲಗೆ ಸಾಕು, ಚೀಟಿಯೇ ಪರಿಚ್ಛೇದವಾಗುತ್ತದೆ.

ಇನ್ನುಳಿದುದು ಒಂದು ಚೀಟಿ: ಕೆಲಸಕ್ಕಾಗಿ ಬೆಂಗಳೂರಿಗೆ ಹೋಗುವವರಿಂದ ತುಂಬಿದ ಮುಂಜಾನೆಯ ರೈಲು. ಅದನ್ನು ಕೊನೆಯಲ್ಲಿ ಇಟ್ಟರೆ ಗಣಿ ಮುಚ್ಚಿದ ಪರಿಣಾಮವೆಂದು ಕಾಣುತ್ತದೆ. ಮೊದಲೇ ಇಟ್ಟರೆ, ಇವರೆಲ್ಲ ಏಕೆ ಹೊರಟರೆಂದು ನೋಡುವವನೇ ಕೇಳುತ್ತಾನೆ. ಎರಡು ಕಡೆಯೂ ಚುಚ್ಚಿ ನೋಡಬಹುದು.