ಹಿಡಿಕೆಯ ಯಂತ್ರಕ್ಕೆ ಕಂಪ್ಯೂಟರ್ ಜೋಡಿಸಿದಾಗ

ಪ್ರಥಮ ಪಿಯುಸಿ ಪರೀಕ್ಷೆ ಮುಗಿದ ಮೇಲೆ ರಜೆಯ ಹೆಚ್ಚಿನ ದಿನಗಳನ್ನು ನಾನು ಭದ್ರಾವತಿಯಲ್ಲಿ ಮಾಮುವಿನ ಮನೆಯಲ್ಲಿ ಕಳೆದೆ. ಅವರ ಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಒಂದು ಸಣ್ಣ ಮಿಲ್ಲಿಂಗ್ ಯಂತ್ರವಿದೆ. ಕೈಯಿಂದ ಹಿಡಿಕೆ ತಿರುಗಿಸಿ ನಡೆಸುವ ಆ ಯಂತ್ರವನ್ನು ಕಂಪ್ಯೂಟರ್‌ನಿಂದ ನಡೆಯುವಂತೆ ಮಾಡಿದ್ದೇ ನಮ್ಮ ರಜೆಯ ಕೆಲಸ. "ಕಾಮರ್ಸ್ ಓದುವವರಿಗೆ ಇದೆಲ್ಲ ಯಾಕೆ?" ಎಂದು ಗೆಳೆಯರು ಕೇಳಿದರು. ಆದರೆ ಕೆಲಸ ಕೆಟ್ಟು ನಿಂತಾಗ ನನಗೆ ದಾರಿ ತೋರಿಸಿದ್ದು ಅಕೌಂಟೆನ್ಸಿ ಪಾಠವೇ. ಅದನ್ನು ಇಲ್ಲಿ ಹೇಳುತ್ತೇನೆ.

ಮಾಮು ಅಡಿಕೆ ಸುಲಿಯುವ ಯಂತ್ರಗಳಿಗೆ ಬೇಕಾದ ಅಲ್ಯೂಮಿನಿಯಂ ಪ್ಲೇಟುಗಳನ್ನು ಮಾಡಿಕೊಡುತ್ತಾರೆ. ಪ್ಲೇಟಿನ ನಡುವೆ 40 ಮಿ.ಮೀ. ವ್ಯಾಸದ ರಂಧ್ರ, ಅದರಲ್ಲಿ 6203 ಎಂಬ ನಂಬರಿನ ಬೇರಿಂಗ್ ಕೂರಬೇಕು. ಸುತ್ತಲೂ ನಾಲ್ಕು ಬೋಲ್ಟ್ ರಂಧ್ರಗಳು. ಎರಡು ವರ್ಷದಿಂದ ಅವರ ಬಲಗೈ ಮಣಿಕಟ್ಟು ನೋಯುತ್ತಿದೆ. ಹಿಡಿಕೆ ತಿರುಗಿಸುವುದನ್ನು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ಹಿಡಿಕೆ ತಿರುಗಿಸದಿದ್ದರೆ ಮನೆ ನಡೆಯುವುದಿಲ್ಲ. ಆದ್ದರಿಂದ ಮುಮಾನಿ ತಮ್ಮ ಚೀಟಿ ಎತ್ತಿ ಹಣ ಕೊಟ್ಟರು. ನಾವು ಕೆಲಸ ಶುರು ಮಾಡಿದೆವು.

ಮಿಲ್ಲಿಂಗ್ ಯಂತ್ರ ಎಂದರೇನು?

ಲೇತ್ ಯಂತ್ರದಲ್ಲಿ ಲೋಹದ ತುಂಡು ತಿರುಗುತ್ತದೆ, ಕತ್ತರಿಸುವ ಉಳಿ ತಿರುಗುವುದಿಲ್ಲ. ಮಿಲ್ಲಿಂಗ್ ಯಂತ್ರದಲ್ಲಿ ಇದಕ್ಕೆ ವಿರುದ್ಧ. ಕಟ್ಟರ್ ನಿಂತಲ್ಲೇ ವೇಗವಾಗಿ ತಿರುಗುತ್ತದೆ. ಲೋಹವನ್ನು ಬಿಗಿದ ಮೇಜು ಅದರ ಕೆಳಗೆ ನಿಧಾನವಾಗಿ ಸರಿಯುತ್ತದೆ. ಎಡ-ಬಲದ ಚಲನೆಗೆ ಎಕ್ಸ್, ಹಿಂದೆ-ಮುಂದಿನದಕ್ಕೆ ವೈ, ಕಟ್ಟರ್ ಇರುವ ತಲೆ ಮೇಲೆ-ಕೆಳಗೆ ಹೋಗುವುದಕ್ಕೆ ಝಡ್ ಎನ್ನುತ್ತಾರೆ. ಮೂರಕ್ಕೂ ಒಂದೊಂದು ಉದ್ದನೆಯ ತಿರುಪು, ಒಂದೊಂದು ಹಿಡಿಕೆ.

ನಮ್ಮ ಯಂತ್ರದಲ್ಲಿ ಹಿಡಿಕೆ ಒಂದು ಸುತ್ತು ತಿರುಗಿದರೆ ಮೇಜು 2 ಮಿ.ಮೀ. ಸರಿಯುತ್ತದೆ. ಹಿಡಿಕೆಯ ಡಯಲ್‌ನಲ್ಲಿ 100 ಗೆರೆಗಳಿವೆ. ಅಂದರೆ ಒಂದು ಗೆರೆಗೆ 0.02 ಮಿ.ಮೀ. ಪ್ಲೇಟಿನ ಒಂದು ಬದಿ 90 ಮಿ.ಮೀ. ಇದ್ದರೆ ಒಮ್ಮೆ ಹಾಯಲು 45 ಸುತ್ತು. ಐದು ಬಾರಿ ಹಾಯ್ದರೆ 225 ಸುತ್ತು. 20 ಪ್ಲೇಟಿನ ಆರ್ಡರ್ ಬಂದರೆ ಒಂದೇ ಬದಿಗೆ 4,500 ಸುತ್ತು. ಮಣಿಕಟ್ಟು ಯಾಕೆ ನೋಯುತ್ತದೆ ಎಂದು ಈ ಗುಣಾಕಾರ ಮಾಡಿದ ಮೇಲೆ ನನಗೆ ತಿಳಿಯಿತು.

ಭದ್ರಾವತಿಗೆ ಯಂತ್ರಗಳು ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರು, ಸುತ್ತಲಿನ ಕಾಡಿನ ಇದ್ದಿಲು, ಭದ್ರಾ ನದಿಯ ನೀರು ಇವನ್ನು ನಂಬಿ ಮೈಸೂರು ಸಂಸ್ಥಾನ ಇಲ್ಲಿ ಕಟ್ಟಿದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಅಧ್ಯಕ್ಷರಾಗಿದ್ದರು. ಲೋಹವನ್ನು ಅಳೆದು ಕತ್ತರಿಸುವ ಕೆಲಸವನ್ನು ಮಾಮುವಿನ ತಂದೆ ಈ ಊರಿನಲ್ಲೇ ಕಲಿತರು, ಮಾಮು ಅವರಿಂದ ಕಲಿತರು.

ಕಂಪ್ಯೂಟರ್ ನಡೆಸುವ ಯಂತ್ರವೂ ನಾವು ಅಂದುಕೊಂಡಷ್ಟು ಹೊಸದಲ್ಲ. ಅಮೆರಿಕದ ಎಂಐಟಿ ಸಂಸ್ಥೆಯವರು 1952ರಲ್ಲೇ ರಂಧ್ರ ಕೊರೆದ ಕಾಗದದ ಪಟ್ಟಿಯಿಂದ ಆಜ್ಞೆ ಪಡೆಯುವ ಮಿಲ್ಲಿಂಗ್ ಯಂತ್ರವನ್ನು ತೋರಿಸಿದ್ದರು. ಅದರ ಮರುವರ್ಷ, 1953ರಲ್ಲಿ, ನಮ್ಮ ಬೆಂಗಳೂರಿನಲ್ಲಿ ಎಚ್‌ಎಂಟಿ ಸ್ಥಾಪನೆಯಾಯಿತು. ಇಂದು ಶಿವಮೊಗ್ಗದಿಂದ ಭದ್ರಾವತಿಗೆ ಬರುವ ದಾರಿಯಲ್ಲಿ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶವಿದೆ. ದೊಡ್ಡ ಕಾರ್ಖಾನೆಗಳಲ್ಲಿ ಇರುವಂಥ ಸಿಎನ್‌ಸಿ ಯಂತ್ರಗಳ ಬೆಲೆ ಮನೆಯ ಶೆಡ್ಡಿಗೆ ಎಟಕುವುದಿಲ್ಲ. ಅದಕ್ಕೇ ಇರುವ ಯಂತ್ರವನ್ನೇ ಬದಲಾಯಿಸುವ ದಾರಿ.

ಏನೇನು ಜೋಡಿಸಬೇಕು?

ತತ್ವ ಸರಳ. ಕೈ ಇದ್ದ ಜಾಗದಲ್ಲಿ ಮೋಟಾರು ಬರುತ್ತದೆ. ಇದು ಫ್ಯಾನಿನ ಮೋಟಾರಿನಂತೆ ಸುಮ್ಮನೆ ತಿರುಗುವುದಿಲ್ಲ. ಇದರ ಹೆಸರು ಸ್ಟೆಪ್ಪರ್ ಮೋಟಾರು. ಒಂದು ಸಂಕೇತ ಕೊಟ್ಟರೆ ಒಂದು ಹೆಜ್ಜೆ, ಅಂದರೆ 1.8 ಡಿಗ್ರಿ ತಿರುಗಿ ನಿಲ್ಲುತ್ತದೆ. 200 ಹೆಜ್ಜೆಗೆ ಒಂದು ಪೂರ್ತಿ ಸುತ್ತು. ನಾವು ಬಳಸಿದ್ದು ನೆಮಾ 23 ಅಳತೆಯ ಮೂರು ಮೋಟಾರುಗಳು. ಪ್ರತಿ ಮೋಟಾರಿಗೆ ಒಂದು ಡ್ರೈವರ್ ಪೆಟ್ಟಿಗೆ ಬೇಕು. ಅದು ಒಂದು ಹೆಜ್ಜೆಯನ್ನು ಎಂಟು ಸಣ್ಣ ಹೆಜ್ಜೆಗಳಾಗಿ ಒಡೆಯುತ್ತದೆ. ಆಗ ಲೆಕ್ಕ ಹೀಗೆ: 200 ಗುಣಿಸು 8, ಅಂದರೆ ಸುತ್ತಿಗೆ 1,600 ಹೆಜ್ಜೆ. ಸುತ್ತಿಗೆ 2 ಮಿ.ಮೀ. ಆದ್ದರಿಂದ 1 ಮಿ.ಮೀ.ಗೆ 800 ಹೆಜ್ಜೆ.

ಈ ಹೆಜ್ಜೆಗಳನ್ನು ಎಣಿಸಿ ಕಳುಹಿಸುವುದು ಅಂಗೈ ಅಗಲದ ಅರ್ಡುಯಿನೋ ಬೋರ್ಡು. ಅದರೊಳಗೆ ಜಿಆರ್‌ಬಿಎಲ್ ಎಂಬ ಉಚಿತ ತಂತ್ರಾಂಶ ಹಾಕುತ್ತಾರೆ. ಹಳೆಯ ಲ್ಯಾಪ್‌ಟಾಪ್‌ನಿಂದ ನಾವು ಜಿ-ಕೋಡ್ ಎಂಬ ಆಜ್ಞೆಗಳನ್ನು ಬೋರ್ಡಿಗೆ ಕಳುಹಿಸುತ್ತೇವೆ. "ಜಿ1 ಎಕ್ಸ್40 ಎಫ್300" ಎಂದರೆ ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ ಎಕ್ಸ್ ದಿಕ್ಕಿನಲ್ಲಿ 40ನೇ ಮಿ.ಮೀ.ವರೆಗೆ ನೇರವಾಗಿ ಹೋಗು ಎಂದು ಅರ್ಥ. ಜಿ2 ಮತ್ತು ಜಿ3 ಎಂದರೆ ವೃತ್ತಾಕಾರದಲ್ಲಿ ಹೋಗು. ಮೋಟಾರು ಕೂರಿಸುವ ಪ್ಲೇಟುಗಳನ್ನು ಮಾಮು ಅದೇ ಯಂತ್ರದಲ್ಲಿ ಕೈಯಿಂದಲೇ ಮಾಡಿದರು. ತನ್ನ ಬದಲಾವಣೆಯ ಸಾಮಾನನ್ನು ಆ ಯಂತ್ರವೇ ಮಾಡಿಕೊಂಡಿತು.

ಮೊದಲ ತಪ್ಪು ನನ್ನದು. ಕಟ್ಟರನ್ನು 5 ಮಿ.ಮೀ. ಮೇಲಕ್ಕೆ ಎತ್ತಬೇಕಿದ್ದ ಕಡೆ ನಾನು ಒಂದು ಮೈನಸ್ ಚಿಹ್ನೆ ಹೆಚ್ಚಾಗಿ ಹಾಕಿದೆ. ಕಟ್ಟರ್ ಪೂರ್ತಿ ವೇಗದಲ್ಲಿ ಕೆಳಗೆ ನುಗ್ಗಿ ಮುರಿಯಿತು. ಲೆಕ್ಕದ ಪುಸ್ತಕದಲ್ಲಿ ಡೆಬಿಟ್ಟನ್ನು ಕ್ರೆಡಿಟ್ ಕಡೆ ಬರೆದರೆ ತಾಳೆ ಪಟ್ಟಿಯಲ್ಲಿ ಗೊತ್ತಾಗುತ್ತದೆ. ಇಲ್ಲಿ ಶಬ್ದದಲ್ಲೇ ಗೊತ್ತಾಯಿತು. ಅಂದಿನಿಂದ ಪ್ರತಿ ಹೊಸ ಪ್ರೋಗ್ರಾಮನ್ನು ಮೊದಲು ಗಾಳಿಯಲ್ಲಿ, ಅಂದರೆ ಕಟ್ಟರ್ ಲೋಹದಿಂದ ಎತ್ತರದಲ್ಲಿರುವಂತೆ ಇಟ್ಟು, ಒಮ್ಮೆ ನಡೆಸಿ ನೋಡುತ್ತೇವೆ.

ವೃತ್ತ ವೃತ್ತವಾಗಲಿಲ್ಲ

ನಿಜವಾದ ತೊಂದರೆ ಆಮೇಲೆ ಬಂತು. ಮೊದಲ ಪ್ಲೇಟಿನಲ್ಲಿ 40 ಮಿ.ಮೀ. ರಂಧ್ರ ಕೊರೆಸಿದೆವು. ನೋಡಲು ಚೆನ್ನಾಗಿತ್ತು. ಬೇರಿಂಗ್ ಒಳಗೆ ಹೋಗಲಿಲ್ಲ. ಅಳೆದರೆ ಎಕ್ಸ್ ದಿಕ್ಕಿನಲ್ಲಿ 39.74, ವೈ ದಿಕ್ಕಿನಲ್ಲಿ 39.90. ಎರಡನೆಯ ಪ್ಲೇಟೂ ಹಾಗೆಯೇ. ಮೂರನೆಯದೂ ಹಾಗೆಯೇ. ಕಂಪ್ಯೂಟರ್ ಪರದೆಯಲ್ಲಿ ಮಾತ್ರ ಎಲ್ಲವೂ ಸರಿಯಾಗಿತ್ತು. ಮುಮಾನಿ ಚಹಾ ತಂದವರು ಮೂರು ಪ್ಲೇಟುಗಳನ್ನು ನೋಡಿ ಏನೂ ಕೇಳದೆ ಹೋದರು. ಅವರ ಚೀಟಿಯ ಹಣ ಅಲ್ಲಿ ಮೇಜಿನ ಮೇಲಿತ್ತು.

ಆ ರಾತ್ರಿ ನನಗೆ ಬ್ಯಾಂಕ್ ಸಮನ್ವಯ ತಃಖ್ತೆಯ ಪಾಠ ನೆನಪಾಯಿತು. ನಮ್ಮ ನಗದು ಪುಸ್ತಕ ಒಂದು ಶಿಲ್ಕು ತೋರಿಸುತ್ತದೆ, ಬ್ಯಾಂಕಿನ ಪಾಸ್‌ಬುಕ್ ಇನ್ನೊಂದು. ನಗದು ಪುಸ್ತಕದಲ್ಲಿ ಬರೆದ ಮಾತ್ರಕ್ಕೆ ಹಣ ಬ್ಯಾಂಕಿಗೆ ಹೋಗಿದೆ ಎಂದಲ್ಲ. ಕಂಪ್ಯೂಟರ್ ಬರೆಯುವುದು ನಗದು ಪುಸ್ತಕ ಮಾತ್ರ. 800 ಹೆಜ್ಜೆ ಕಳುಹಿಸಿದೆ, ಆದ್ದರಿಂದ ಮೇಜು 1 ಮಿ.ಮೀ. ಸರಿದಿದೆ ಎಂದು ಅದು ನಂಬುತ್ತದೆ. ಮೇಜು ನಿಜವಾಗಿ ಸರಿಯಿತೇ ಎಂದು ನೋಡುವ ಕಣ್ಣು ಅದಕ್ಕಿಲ್ಲ. ಪಾಸ್‌ಬುಕ್ ನಾವೇ ತೆಗೆದು ನೋಡಬೇಕು.

ಮರುದಿನ ಮೇಜಿಗೆ ಡಯಲ್ ಗೇಜ್ ತಾಗಿಸಿದೆವು. ಎಕ್ಸ್ ಹಿಡಿಕೆಯನ್ನು ಮುಂದಕ್ಕೆ ತಿರುಗಿಸುತ್ತಾ ಬಂದು, ನಿಲ್ಲಿಸಿ, ಹಿಂದಕ್ಕೆ ತಿರುಗಿಸಿದರೆ ಡಯಲ್‌ನ 13 ಗೆರೆಗಳವರೆಗೆ ಮೇಜು ಅಲುಗಲೇ ಇಲ್ಲ. 13 ಗುಣಿಸು 0.02, ಅಂದರೆ 0.26 ಮಿ.ಮೀ. ವೈ ದಿಕ್ಕಿನಲ್ಲಿ 5 ಗೆರೆ, 0.10 ಮಿ.ಮೀ. 40ರಿಂದ ಇವನ್ನು ಕಳೆದು ನೋಡಿ: 39.74 ಮತ್ತು 39.90. ವ್ಯತ್ಯಾಸ ಸಂಪೂರ್ಣ ತಾಳೆಯಾಯಿತು.

ತಿರುಪಿಗೂ ಅದರ ನಟ್ಟಿಗೂ ನಡುವೆ ಇರುವ ಈ ಸಡಿಲಕ್ಕೆ ಬ್ಯಾಕ್‌ಲ್ಯಾಶ್ ಎಂದು ಹೆಸರು. ಮಾಮು ಅದನ್ನು ಢೀಲ್ ಎನ್ನುತ್ತಾರೆ. ದಿಕ್ಕು ಬದಲಾದಾಗಲೆಲ್ಲ ತಿರುಪು ಮೊದಲು ಈ ಸಡಿಲವನ್ನು ದಾಟಬೇಕು. ಆಮೇಲೆ ಮೇಜನ್ನು ತಳ್ಳುತ್ತದೆ. ವೃತ್ತ ಬರೆಯುವಾಗ ಎಕ್ಸ್ ಎರಡು ಸಲ, ವೈ ಎರಡು ಸಲ ದಿಕ್ಕು ಬದಲಿಸುತ್ತವೆ. ಹಾಗಾಗಿ ವೃತ್ತ ಚಪ್ಪಟೆಯಾಗುತ್ತದೆ.

ಹಾಗಾದರೆ ಇದೇ ಯಂತ್ರದಲ್ಲಿ ಮಾಮು ಇಷ್ಟು ವರ್ಷ ಸರಿಯಾದ ಪ್ಲೇಟು ಹೇಗೆ ಮಾಡಿದರು? ಅವರನ್ನೇ ಕೇಳಿದೆ. "ಢೀಲ್ ಇದೆ ಅಂತ ಕೈಗೆ ಗೊತ್ತಲ್ಲ" ಎಂದರು. ಮತ್ತೆ ನೋಡಿದಾಗ ಅರ್ಥವಾಯಿತು. ಅವರು ಯಾವ ಅಳತೆಗೂ ಒಂದೇ ಕಡೆಯಿಂದ ಬರುತ್ತಾರೆ. ಗೆರೆ ದಾಟಿ ಹೋದರೆ ಅರ್ಧ ಸುತ್ತು ಹಿಂದಕ್ಕೆ ಹೋಗಿ ಮತ್ತೆ ಮುಂದಕ್ಕೆ ಬರುತ್ತಾರೆ. ದೊಡ್ಡ ರಂಧ್ರಕ್ಕೆ ಮೇಜು ಸರಿಸುವುದೇ ಇಲ್ಲ. ಮೇಜನ್ನು ಬಿಗಿದು, ತಿರುಗುವ ಬೋರಿಂಗ್ ಹೆಡ್‌ನಿಂದ ಕೊರೆಯುತ್ತಾರೆ. ಸಮನ್ವಯ ತಃಖ್ತೆ ಅವರ ಕೈಯಲ್ಲೇ ಇತ್ತು. ಅವರು ಯಾವತ್ತೂ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಕೈ ತೆಗೆದು ಮೋಟಾರು ಹಾಕಿದಾಗ ಆ ತಿಳಿವಳಿಕೆಯನ್ನೂ ತೆಗೆದುಬಿಟ್ಟಿದ್ದೆವು.

ಪರಿಹಾರಗಳು

ಲಿನಕ್ಸ್‌ಸಿಎನ್‌ಸಿಯಂಥ ಕೆಲವು ತಂತ್ರಾಂಶಗಳಿಗೆ ಸಡಿಲ ಎಷ್ಟಿದೆ ಎಂದು ಹೇಳಿದರೆ ದಿಕ್ಕು ಬದಲಾದಾಗ ಅಷ್ಟು ಹೆಜ್ಜೆ ಹೆಚ್ಚಾಗಿ ಹಾಕುತ್ತವೆ. ನಾವು ಬಳಸಿದ ಜಿಆರ್‌ಬಿಎಲ್‌ನಲ್ಲಿ ಆ ಸೌಲಭ್ಯವಿಲ್ಲ. ಇದ್ದರೂ ಅದು ಅರ್ಧ ಪರಿಹಾರ, ಏಕೆಂದರೆ ಕಟ್ಟರ್ ಲೋಹವನ್ನು ಎಳೆದಾಗ ಸಡಿಲವಿದ್ದಷ್ಟು ಮೇಜು ತಾನಾಗಿಯೇ ಜಿಗಿಯಬಹುದು. ಬೆಲೆ ಹೆಚ್ಚಿನ ಮೋಟಾರುಗಳಲ್ಲಿ ತಾನು ತಿರುಗಿದ್ದನ್ನು ತಾನೇ ಅಳೆಯುವ ಎನ್‌ಕೋಡರ್ ಇರುತ್ತದೆ. ಆದರೆ ಅದು ಮೋಟಾರನ್ನು ನೋಡುತ್ತದೆ, ಮೇಜನ್ನಲ್ಲ. ತಿರುಪಿನ ಸಡಿಲ ಅದಕ್ಕೂ ಕಾಣುವುದಿಲ್ಲ.

ಸರಿಯಾದ ದಾರಿ ತಿರುಪನ್ನೇ ಬದಲಿಸುವುದು. ಬಾಲ್ ಸ್ಕ್ರೂ ಎಂಬ ತಿರುಪಿನಲ್ಲಿ ನಟ್ಟಿನೊಳಗೆ ಉಕ್ಕಿನ ಸಣ್ಣ ಗುಂಡುಗಳು ಸುತ್ತುತ್ತಿರುತ್ತವೆ. ಸಡಿಲ ಬಹಳ ಕಡಿಮೆ. ಉಳಿದ ಚೀಟಿ ಹಣದಲ್ಲಿ ಎಕ್ಸ್ ಮತ್ತು ವೈಗೆ ಎರಡು ಬಾಲ್ ಸ್ಕ್ರೂ ತರಿಸಿದೆವು. ಝಡ್‌ಗೆ ಹಳೆಯ ತಿರುಪೇ ಉಳಿಯಿತು. ಅಲ್ಲಿ ತಲೆಯ ಭಾರ ಸದಾ ಕೆಳಗೆ ಒತ್ತುವುದರಿಂದ ಸಡಿಲ ಒಂದೇ ಕಡೆ ತುಂಬಿಕೊಂಡಿರುತ್ತದೆ. ಹೊಸ ತಿರುಪು ಸುತ್ತಿಗೆ 5 ಮಿ.ಮೀ. ಸರಿಸುತ್ತದೆ. ಆದ್ದರಿಂದ ಲೆಕ್ಕ ಬದಲಾಯಿತು: 1,600 ಭಾಗಿಸು 5, ಅಂದರೆ 1 ಮಿ.ಮೀ.ಗೆ 320 ಹೆಜ್ಜೆ. ಈಗ ಡಯಲ್ ಗೇಜ್‌ನಲ್ಲಿ ಸಡಿಲ 0.02ರ ಒಳಗಿದೆ. ಬೇರಿಂಗ್ ಹೆಬ್ಬೆರಳಿನ ಒತ್ತಡಕ್ಕೆ ಕೂರುತ್ತದೆ. ಒಂದು ಕೊರತೆಯೂ ಇದೆ. ಬಾಲ್ ಸ್ಕ್ರೂ ಎಷ್ಟು ಸಲೀಸು ಎಂದರೆ ಮೋಟಾರಿಗೆ ಕರೆಂಟ್ ಇಲ್ಲದಾಗ ಮೇಜು ತಳ್ಳಿದರೆ ಸರಿಯುತ್ತದೆ. ಮಾಮು ಇದನ್ನು ಬ್ರೇಕ್ ಇಲ್ಲದ ಸೈಕಲ್ ಎನ್ನುತ್ತಾರೆ.

ಲಾಭವೋ ನಷ್ಟವೋ?

ನಾನು ಕೈಗಡಿಯಾರ ಹಿಡಿದು ಬರೆದುಕೊಂಡ ಲೆಕ್ಕ ಇದು. ಕೈಯಿಂದ ಒಂದು ಪ್ಲೇಟಿಗೆ 35 ನಿಮಿಷ. ಕಂಪ್ಯೂಟರ್‌ನಲ್ಲಿ 15 ನಿಮಿಷ. ಆದರೆ ಪ್ರೋಗ್ರಾಂ ಬರೆದು, ಪರೀಕ್ಷಿಸಿ, ಹಿಡಿತಗಳನ್ನು ಹೊಂದಿಸಲು ಮೊದಲೇ 240 ನಿಮಿಷ ಬೇಕು. ಈ 240 ಸ್ಥಿರ ವೆಚ್ಚ. ಪ್ರತಿ ಪ್ಲೇಟಿಗೆ ಉಳಿಯುವುದು 20 ನಿಮಿಷ. 240 ಭಾಗಿಸು 20, ಅಂದರೆ 12. ಹನ್ನೆರಡು ಪ್ಲೇಟು ನಮ್ಮ ಸಮತೋಲನ ಬಿಂದು. ಐದು ಪ್ಲೇಟಿನ ಆರ್ಡರಿಗೆ ಕೈಯೇ ಬೇಗ: 175 ನಿಮಿಷ. ಕಂಪ್ಯೂಟರಿಗೆ 315. ಇಪ್ಪತ್ತು ಪ್ಲೇಟಿಗೆ ಕಂಪ್ಯೂಟರ್ ಬೇಗ: 540 ನಿಮಿಷ. ಕೈಗೆ 700. ಅದೇ ಪ್ಲೇಟಿನ ಆರ್ಡರ್ ಎರಡನೆಯ ಸಲ ಬಂದರೆ ಪ್ರೋಗ್ರಾಂ ಸಿದ್ಧವಾಗಿರುತ್ತದೆ. ಹೊಂದಿಸಲು 40 ನಿಮಿಷ ಸಾಕು. ಆಗ ಸಮತೋಲನ ಬಿಂದು ಎರಡೇ ಪ್ಲೇಟು. ಈ ಲೆಕ್ಕದಲ್ಲಿ ಮಣಿಕಟ್ಟಿನ ನೋವನ್ನು ಯಾವ ಅಂಕಣದಲ್ಲಿ ಬರೆಯಬೇಕು ಎಂದು ನನಗೆ ಇನ್ನೂ ಗೊತ್ತಾಗಿಲ್ಲ.

ಯಾರಾದರೂ ಇದನ್ನು ಮಾಡುವುದಾದರೆ ಕೆಲವು ಎಚ್ಚರಿಕೆಗಳು. ಕೈಗೆ ಎಟಕುವಲ್ಲಿ ದೊಡ್ಡ ಕೆಂಪು ತುರ್ತು ಸ್ವಿಚ್ ಇರಲಿ. ಅದು ಮೋಟಾರು ಮತ್ತು ಕಟ್ಟರ್ ಎರಡನ್ನೂ ನಿಲ್ಲಿಸಬೇಕು. ಯಂತ್ರಕ್ಕೆ ಅರ್ತಿಂಗ್ ಮಾಡಿಸಿ. ಲೋಹದ ಚೂರು ವಿದ್ಯುತ್ ಪೆಟ್ಟಿಗೆಯೊಳಗೆ ಬೀಳದಂತೆ ಮುಚ್ಚಿ. ಕನ್ನಡಕ ಹಾಕಿ, ಆದರೆ ತಿರುಗುವ ಕಟ್ಟರ್ ಹತ್ತಿರ ಕೈಗವಸು, ದುಪಟ್ಟಾ, ಸಡಿಲ ತೋಳು ಬೇಡ. ಮೋಟಾರು ಕೊಳ್ಳುವ ಮೊದಲು ಡಯಲ್ ಗೇಜ್ ಇಟ್ಟು ಸಡಿಲ ಅಳೆಯಿರಿ. ನಾವು ಇದನ್ನು ಕೊನೆಯಲ್ಲಿ ಮಾಡಿದೆವು. ಮೊದಲೇ ಮಾಡಿದ್ದರೆ ಮೂರು ಪ್ಲೇಟು ಮತ್ತು ಒಂದು ವಾರ ಉಳಿಯುತ್ತಿತ್ತು. ಹಾಗೆಯೇ ಆ ಯಂತ್ರವನ್ನು ವರ್ಷಗಟ್ಟಲೆ ನಡೆಸಿದವರ ಪಕ್ಕದಲ್ಲಿ ಎರಡು ದಿನ ನಿಂತು, ಅವರ ಕೈ ಏನು ಮಾಡುತ್ತದೆ ಎಂದು ಬರೆದುಕೊಳ್ಳಿ.

ಈಗ ಮಾಮು ಪ್ಲೇಟನ್ನು ಬಿಗಿದು, ಗುಂಡಿ ಒತ್ತಿ, ಎಡಗೈಯನ್ನು ಮೇಜಿನ ಅಂಚಿನ ಮೇಲೆ ಇಟ್ಟು ನಿಲ್ಲುತ್ತಾರೆ. ಕಟ್ಟರ್ ಮೊಂಡಾದರೆ ಪರದೆಯಲ್ಲಿ ಏನೂ ಕಾಣುವುದಿಲ್ಲ, ಅವರಿಗೆ ಬೆರಳಿನಲ್ಲಿ ಗೊತ್ತಾಗುತ್ತದೆ. ಕಳೆದ ತಿಂಗಳು 20 ಪ್ಲೇಟಿನ ಆರ್ಡರ್ ಎರಡನೆಯ ಸಲ ಬಂತು. ಪ್ರೋಗ್ರಾಂ ತೆರೆಯುವುದು ಹೇಗೆ ಎಂದು ಅವರು ಶಿವಮೊಗ್ಗಕ್ಕೆ ಫೋನ್ ಮಾಡಿ ಕೇಳಿದರು. ಮುಮಾನಿಯ ಚೀಟಿಯ ಮೊದಲ ಕಂತು ಅದರಲ್ಲಿ ತೀರಿತು.